ಮೊಳೆಗೆ ನೇತುಹಾಕಿದ ದೊಡ್ಡಪ್ಪ

ಫೋಟೋ ಕಳೆದುಕೊಳ್ಳುವವರೆಲ್ಲ ಸೋಮಾರಿಗಳು ಎಂದು ನಾನು ಬಹಳ ವರ್ಷ ನಂಬಿದ್ದೆ. ಯಾರಾದರೂ ‘ಮದುವೆ ಆಲ್ಬಮ್ಮಿಗೆ ಗೆದ್ದಲು ಹಿಡೀತು ಕಣ್ರೀ’ ಎಂದು ಗೋಳಾಡಿದರೆ ಬಾಯಲ್ಲಿ ಅಯ್ಯೋ ಪಾಪ ಎನ್ನುತ್ತಿದ್ದೆ, ಮನಸ್ಸಿನಲ್ಲಿ ಇವರಿಗೆ ಹಾಗೇ ಆಗಬೇಕು ಎಂದುಕೊಳ್ಳುತ್ತಿದ್ದೆ. ನನ್ನ ಫೋಟೋಗಳಿಗೆ ಗೆದ್ದಲು ಹಿಡಿಯುವ ಮಾತೇ ಇರಲಿಲ್ಲ. ಅವು ಕಂಪ್ಯೂಟರಿನೊಳಗಿದ್ದವು.

ಎರಡು ಸಾವಿರದ ಇಸವಿ ದಾಟಿದ ಹೊಸತು. ಅರಸೀಕೆರೆಯಲ್ಲಿ ಡಿಜಿಟಲ್ ಕ್ಯಾಮೆರಾ ಕಂಡರೆ ಜನ ನಿಂತು ನೋಡುತ್ತಿದ್ದ ಕಾಲ. ನಾನು ಅಲ್ಲಿ ಒಂದು ಕಚೇರಿಯಲ್ಲಿ ಕೆಲಸದಲ್ಲಿದ್ದೆ. ನನ್ನ ಯಜಮಾನರದು ಕೊಬ್ಬರಿ ವ್ಯಾಪಾರ. ಕ್ಯಾಮೆರಾ ಕೈಗೆ ಬಂದದ್ದೇ ತಡ, ರೀಲು ತೊಳೆಸುವ ಗೋಜಿಲ್ಲ ಎಂಬ ಧೈರ್ಯದಲ್ಲಿ ಕಂಡದ್ದನ್ನೆಲ್ಲ ಹೊಡೆದೆ. ನೆಂಟರ ಮದುವೆ, ನಾಮಕರಣ, ಅಂಗಳದ ತುಂಬ ಸುಲಿದು ರಾಶಿ ಹಾಕಿದ ತೆಂಗಿನಕಾಯಿ, ಜಾವಗಲ್ ದಾರಿಯಲ್ಲಿ ಕೆಟ್ಟು ನಿಂತ ಬಸ್ಸು, ಬಸ್ತಿಹಳ್ಳಿಯ ಬಸದಿಯ ಕಂಬದಲ್ಲಿ ತಲೆಕೆಳಗಾಗಿ ಕಾಣುವ ನಮ್ಮದೇ ಮುಖ. ಒಂದೊಂದು ವರ್ಷಕ್ಕೂ ಸಾವಿರಗಟ್ಟಲೆ. ಅದನ್ನೆಲ್ಲ ಊರು, ತಿಂಗಳು, ಸಮಾರಂಭದ ಪ್ರಕಾರ ವಿಂಗಡಿಸಿ ಇಡುತ್ತಿದ್ದೆ. ಅಡುಗೆಮನೆಯ ಡಬ್ಬಿಗಳಲ್ಲೂ ನನಗೆ ಅಷ್ಟು ಶಿಸ್ತಿರಲಿಲ್ಲ.

ಕಂಪ್ಯೂಟರನ್ನು ಮಾತ್ರ ನಂಬಿ ಕೂರುವಷ್ಟು ದಡ್ಡಿ ನಾನಾಗಿರಲಿಲ್ಲ. ಅಸಲು ನಮ್ಮ ಮನೆಯಲ್ಲಿ, ಅದರ ಪ್ರತಿಯೆಲ್ಲ ಸಿಡಿಗಳಲ್ಲಿ ಬೇಲೂರಿನ ಅಕ್ಕನ ಮನೆಯಲ್ಲಿ. ಹಳೇಬೀಡಿನ ದೊಡ್ಡಮ್ಮನ ಮನೆಯಲ್ಲಿ ಇನ್ನೊಂದು ಸಿಡಿ, ಅದರಲ್ಲಿ ನಮ್ಮ ಕುಟುಂಬದ ಹಳೆಯ ಫೋಟೋಗಳು ಮಾತ್ರ. ಮೂರೂ ಊರು ಒಂದೇ ದಿನ ಮುಳುಗಿದರೆ ಮಾತ್ರ ನನ್ನ ಫೋಟೋ ಹೋಗಬೇಕು ಎಂದು ಕಚೇರಿಯಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗುತ್ತಿದ್ದೆ.

ಆ ಹಳೆಯ ಫೋಟೋಗಳಲ್ಲಿ ಬಹಳ ಮುಖ್ಯವಾದದ್ದು ದೊಡ್ಡಪ್ಪನದು. ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಮದುವೆಯಾದಾಗ ಇನ್ನೂ ಲಂಗದ ವಯಸ್ಸು. ಕಂಕುಳಲ್ಲೊಂದು ಮಗು ಬರುವ ಹೊತ್ತಿಗೆ ದೊಡ್ಡಪ್ಪ ಯಾವುದೋ ಜ್ವರಕ್ಕೆ ಹೋಗಿಬಿಟ್ಟಿದ್ದರು. ಅವರು ಬದುಕಿದ್ದಾಗ ತೆಗೆಸಿದ್ದು ಒಂದೇ ಫೋಟೋ, ಬೇಲೂರಿನ ಸ್ಟುಡಿಯೋದಲ್ಲಿ. ಕೊರಳವರೆಗೆ ಗುಂಡಿ ಹಾಕಿದ ಕರೀ ಕೋಟು, ಹುರಿಮಾಡಿದ ಮೀಸೆ, ಪಕ್ಕದ ಎತ್ತರದ ಸ್ಟೂಲಿನ ಮೇಲೆ ಹೂದಾನಿ. ನಾವೆಲ್ಲ ಚಿಕ್ಕವರಿದ್ದಾಗ ಆ ಫೋಟೋದ ಕೆಳಗೆ ಗಲಾಟೆ ಮಾಡಲೂ ಹೆದರುತ್ತಿದ್ದೆವು. ದೊಡ್ಡಮ್ಮ ಬೆಳಗಾದರೆ ಅದಕ್ಕೆ ವಿಭೂತಿ ಇಟ್ಟು, ಒಂದು ಹೂ ಸಿಕ್ಕಿಸಿ, ಆಮೇಲೆಯೇ ಕಾಫಿ ಕುಡಿಯುತ್ತಿದ್ದರು.

ನಾನು ಕ್ಯಾಮೆರಾ ಕೊಂಡ ಕಾಲಕ್ಕೆ ಆ ಫೋಟೋಗೆ ಬೆಳ್ಳಿಹುಳು ಹತ್ತಿತ್ತು. ಅಂಚೆಲ್ಲ ತಿಂದು ಹೂದಾನಿಯವರೆಗೆ ಬಂದಿತ್ತು. ನಾನು ಅದನ್ನು ಚೌಕಟ್ಟಿನಿಂದ ಬಿಡಿಸಿ, ಅಂಗಳದ ಬೆಳಕಿನಲ್ಲಿ ಚಾಪೆಯ ಮೇಲಿಟ್ಟು ಫೋಟೋ ತೆಗೆದೆ. ಮುಂದಿನ ಸಲ ಹೋದಾಗ ಸಿಡಿ ಮಾಡಿ ಒಯ್ದು ಕೊಟ್ಟೆ. ಆ ಮನೆಯಲ್ಲಿ ಕಂಪ್ಯೂಟರಿರಲಿಲ್ಲ. ಆದರೂ ಒಂದು ಪ್ರತಿ ಅಲ್ಲಿರಲಿ ಎಂದು ನನ್ನ ಹಟ. ದೊಡ್ಡಮ್ಮನಿಗೆ ಆಗಲೇ ಕಣ್ಣಿಗೆ ಪೊರೆ ಬಂದು ಎಲ್ಲವೂ ಮಬ್ಬು. ಸಿಡಿಯನ್ನು ಅಂಗೈ ಮೇಲಿಟ್ಟುಕೊಂಡು ಸವರಿ ಕೇಳಿದರು:

“ಇದ್ರೊಳಗೆ ನಿಮ್ಮ ದೊಡ್ಡಪ್ಪ ಅವ್ರಾ?”

“ಹೂಂ ದೊಡ್ಡಮ್ಮ, ಇದರೊಳಗಿದ್ದಾರೆ. ಹೊಳೆಯೋ ಕಡೆ ಮಾತ್ರ ಯಾರೂ ಕೈ ಹಾಕಬೇಡಿ, ಗೀರು ಬಿದ್ದರೆ ಹೋಗಿಬಿಡುತ್ತೆ.”

“ಯಾರೂ ಮುಟ್ಟಾಕಿಲ್ಲ ಬಿಡು,” ಎಂದರು. ಇಷ್ಟಾದ ಮೇಲೆ ನಾನು ನಿಶ್ಚಿಂತೆಯಿಂದ ವರ್ಷಗಳನ್ನು ಕಳೆದೆ. ಹಳೇಬೀಡಿಗೆ ಹೋದರೂ ಜಗಲಿಯಲ್ಲೇ ಕೂತು ಕಾಫಿ ಕುಡಿದು ಬಸ್ಸು ಹಿಡಿಯುತ್ತಿದ್ದೆ.

ಆಮೇಲೊಂದು ಬೇಸಿಗೆಯಲ್ಲಿ ಹಾಸನದಲ್ಲಿ ದೊಡ್ಡಮ್ಮನ ಕಣ್ಣಿನ ಆಪರೇಷನ್ ಆಯಿತು. ಕಟ್ಟು ಬಿಚ್ಚಿದ ಮೇಲೆ ಆ ಮನೆಯಲ್ಲಿ ಯಾರಿಗೂ ನೆಮ್ಮದಿ ಇಲ್ಲದಂತಾಯಿತಂತೆ. ಜಂತೆಯ ಮೇಲಿನ ಜೇಡರ ಬಲೆ ಕಂಡಿತು, ಹಿತ್ತಾಳೆ ಬಿಂದಿಗೆಯ ಕಲೆ ಕಂಡಿತು. ಸೊಸೆಯ ಮುಖ ನೋಡಿ, “ಏನೇ, ಇಷ್ಟ್ ವಯಸ್ಸಾಗೋಯ್ತಾ ನಿಂಗೆ!” ಎಂದು ಕೂಗಿದರಂತೆ. ಮೂರನೆಯ ಮನೆಯ ಫೋನಿನಿಂದ ನನಗೂ ಕರೆ ಬಂತು.

“ಕಣ್ಣು ಬಂತು ಕಣೇ! ಎಲ್ಲಾ ಕಾಣ್ತೈತೆ. ಈಗ ನಿಮ್ಮ ದೊಡ್ಡಪ್ಪನ್ನ ತೋರ್ಸು. ಅವ್ರ ಮುಖ ನೋಡಿ ಎಷ್ಟ್ ಕಾಲ ಆಯ್ತು. ಒಳಗಿಟ್ಟಿದೀಯಲ್ಲ, ಒಂದ್ಸಲ ಈಚೆ ತೆಗಿ.”

“ಅದಕ್ಕೇನು ದೊಡ್ಡಮ್ಮ, ನಾಳೆಯೇ ದೊಡ್ಡದಾಗಿ ಪ್ರಿಂಟ್ ಹಾಕಿಸಿ ತರ್ತೀನಿ,” ಎಂದೆ. ನಾಳೆ ಎಂದು ಹೇಳಿದ ನನ್ನ ನಾಲಿಗೆಗೆ ಏನು ಬಂದಿತ್ತೋ.

ಕಂಪ್ಯೂಟರಿನ ಗುಂಡಿ ಒತ್ತಿದೆ. ಎಂದಿನ ಗುಂಯ್ ಎನ್ನುವ ಸದ್ದಿನ ಬದಲು ಕಟಕ್, ಕಟಕ್ ಎಂದಿತು. ಪರದೆ ಕಪ್ಪಾಗಿಯೇ ಉಳಿಯಿತು. ಮತ್ತೆ ಒತ್ತಿದೆ, ಮತ್ತೆ ಕಟಕ್. ಆಮೇಲೆ ಬೀದಿಯ ಕೊನೆಯ ಕಂಪ್ಯೂಟರ್ ಅಂಗಡಿಯವನನ್ನು ಕರೆಸಿದ್ದಾಯಿತು. ಊರಿಗೇ ತಾನೊಬ್ಬ ಬುದ್ಧಿವಂತ ಎಂಬ ಠೀವಿಯ ಮನುಷ್ಯ. ಪೆಟ್ಟಿಗೆ ಬಿಚ್ಚಿ, ಹಾರ್ಡ್ ಡಿಸ್ಕನ್ನು ಈಚೆ ತೆಗೆದು, “ಇದು ಹೋಯ್ತು ಮೇಡಂ,” ಎಂದ, ತೀರಿಹೋದವರ ಸುದ್ದಿ ಹೇಳುವ ಧ್ವನಿಯಲ್ಲಲ್ಲ, ಬಸ್ಸು ಹೋಯಿತು ಎನ್ನುವ ಧ್ವನಿಯಲ್ಲಿ.

ನನ್ನ ಯಜಮಾನರು ಆ ಕಬ್ಬಿಣದ ಡಬ್ಬಿಯನ್ನು ಇಸಕೊಂಡು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಅಟ್ಟದಲ್ಲಿ ವರ್ಷಗಟ್ಟಲೆ ಕೂಡಿಟ್ಟ ಕಾಯಿ ಒಳಗೇ ಒಣಗಿ ಕೊಬ್ಬರಿಯಾಗಿದೆಯೋ ಇಲ್ಲವೋ ಎಂದು ನಮ್ಮಲ್ಲಿ ನೋಡುವುದು ಹಾಗೆ. ಗಡಗಡ ಎಂದರೆ ಉಂಡೆ ಕೊಬ್ಬರಿ ತಯಾರು.

“ಒಳಗೆ ಬಿಟ್ಕೊಂಡಿದೆ,” ಎಂದು ತೀರ್ಪು ಕೊಟ್ಟರು. “ಕಾಯಿ ಕೊಳೆತರೆ ಅಟ್ಟದಿಂದ ವಾಸನೆನಾದ್ರೂ ಬರುತ್ತೆ. ನಿನ್ನದು ಸದ್ದಿಲ್ಲದೆ ಕೊಳೆಯುತ್ತಲ್ಲೇ.”

ನನಗೆ ರೇಗಿಹೋಯಿತು. ಅಂಗಡಿಯವನೆದುರು ತೋರಿಸಿಕೊಳ್ಳದೆ, “ನನ್ನ ಹತ್ತಿರ ಕಾಪಿ ಇದೆ. ಬೇಲೂರಲ್ಲಿದೆ, ಹಳೇಬೀಡಲ್ಲೂ ಇದೆ,” ಎಂದೆ. ಅವನು ಮೊದಲ ಸಲ ಗೌರವದಿಂದ ನನ್ನ ಮುಖ ನೋಡಿದ.

ಮರುದಿನ ರಜೆ ಹಾಕಿ ಬೇಲೂರಿನ ಬಸ್ಸು ಹತ್ತಿದೆ. ಬಸ್ಸು ಹಳೇಬೀಡಿನ ಮೇಲೇ ಹೋಗುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ ದೊಡ್ಡಮ್ಮನ ಮನೆಯ ಬೀದಿ ಕಾಣುತ್ತಿತ್ತು. ಬರಿಗೈಲಿ ಇಳಿಯಲು ಮನಸ್ಸಾಗದೆ, ಯಾರಾದರೂ ನೋಡಿಯಾರು ಎಂದು ಸೆರಗು ತಲೆಯ ಮೇಲೆಳೆದುಕೊಂಡು ಕೂತೆ.

ಬೇಲೂರಿನ ಅಕ್ಕ ಶಾಲೆಯ ಟೀಚರು. ಮನೆ ಅಚ್ಚುಕಟ್ಟು, ಮಾತು ಅಚ್ಚುಕಟ್ಟು. ಅವಳಿಗೆ ಸಿಡಿಗಳನ್ನು ಒಪ್ಪಿಸಿದಾಗ ಕನ್ನಡಿ ಬೀರುವಿನ ಮೇಲಿನ ಅರೆಯಲ್ಲಿ ನನ್ನ ಕಣ್ಣೆದುರೇ ಇಟ್ಟಿದ್ದಳು. ಈಗ ಬೀರು ತೆಗೆದರೆ ಆ ಅರೆಯಲ್ಲಿ ರೇಷ್ಮೆ ಸೀರೆಗಳಿದ್ದವು.

“ಸಿಡಿ ಎಲ್ಲಿ ಅಕ್ಕಾ?”

“ಮೇಲಿವೆ,” ಎಂದಳು.

ಅಟ್ಟದ ಮೇಲಿರಬೇಕು ಎಂದುಕೊಂಡೆ. ಅವಳು ತಾರಸಿಯ ಮೆಟ್ಟಿಲು ಹತ್ತಿದಳು. ಹಿಂದೆಯೇ ಹೋದ ನಾನು ಕೊನೆಯ ಮೆಟ್ಟಿಲಲ್ಲೇ ನಿಂತುಬಿಟ್ಟೆ. ತಾರಸಿಯ ಉದ್ದಕ್ಕೂ ಹಗ್ಗ ಕಟ್ಟಿತ್ತು. ಹಗ್ಗದಲ್ಲಿ ನನ್ನ ಸಿಡಿಗಳು, ನನ್ನ ಅಷ್ಟೂ ಸಿಡಿಗಳು, ದಾರಕ್ಕೆ ತೂಗಿ ಬಿಸಿಲಿನಲ್ಲಿ ಗರಗರ ತಿರುಗುತ್ತಿದ್ದವು. ಅವುಗಳ ಕೆಳಗೆ ಹಳೆಯ ಪಂಚೆಯ ಮೇಲೆ ಅಕ್ಕಿ ಸಂಡಿಗೆ ಒಣಗುತ್ತಿತ್ತು.

“ಕಾಗೆ ಒಂದೂ ಬರಲ್ಲ ಕಣೇ! ಎರಡು ಬೇಸಿಗೆಯಾಯ್ತು, ಒಂದು ಸಂಡಿಗೆ ಹೋಗಿಲ್ಲ. ಬೆಳಕು ಬಿದ್ದರೆ ಹೆದರಿ ಓಡ್ತವೆ.”

ನಾನು ಆ ಸಿಡಿಗಳ ಕಡೆಗೆ ಕೈ ಎತ್ತಿ ತೋರಿಸಿದೆ. ಅದರಲ್ಲಿ ಅವಳ ಮಗಳ ಮದುವೆಯೂ ಇತ್ತು.

“ನೀನೇ ಹೇಳಿದ್ದಲ್ವಾ, ಇದು ಬರೀ ಕಾಪಿ, ಅಸಲು ಮನೇಲಿದೆ ಅಂತ,” ಎಂದಳು ಅಕ್ಕ. “ಕಾಪಿ ತಾನೇ ಅಂದ್ಕೊಂಡೆ.”

ಮಕ್ಕಳು ಪರೀಕ್ಷೆಯಲ್ಲಿ ಕಾಪಿ ಹೊಡೆದರೆ ಕಿವಿ ಹಿಂಡುವ ಟೀಚರಿಗೆ ಕಾಪಿ ಎಂದರೆ ಬೆಲೆಯಿಲ್ಲದ್ದು ಎಂದೇ ಅರ್ಥ. ನಾನು ಕೂಗಾಡಿದೆ. ಅವಳೂ ಕೂಗಾಡಿದಳು. ಕಡೆಗೆ ಇಬ್ಬರೂ ಸೇರಿ ಸಿಡಿಗಳನ್ನು ಬಿಚ್ಚಿ ಪೇಟೆಯ ಸೈಬರ್ ಅಂಗಡಿಗೆ ಒಯ್ದೆವು. ಒಂದಾದ ಮೇಲೊಂದು ಹಾಕಿದರು. ಒಂದನ್ನೂ ಯಂತ್ರ ಓದಲಿಲ್ಲ. ಬಿಸಿಲು ಅದರೊಳಗಿನ ಬಣ್ಣವನ್ನೆಲ್ಲ ಹೀರಿಬಿಟ್ಟಿದೆ ಎಂದರು. ನೋಡಲು ಒಂದೊಂದೂ ಥಳಥಳ ಎನ್ನುತ್ತಿತ್ತು. ಅಕ್ಕ ರಸ್ತೆಯಲ್ಲೇ ನಿಂತು ಮಗಳ ಮದುವೆಗಾಗಿ ಅತ್ತಳು, ನಾನು ಅವಳನ್ನು ಸಮಾಧಾನ ಮಾಡಬೇಕಾಗಿ ಬಂತು.

ಹಳೇಬೀಡಿನ ಬಸ್ಸಿನಲ್ಲಿ ಕೂತಾಗ ನನಗೊಂದು ವಿಚಿತ್ರ ಹೊಳೆಯಿತು. ಹೋದ ಸಾವಿರ ಸಾವಿರ ಫೋಟೋಗಳನ್ನು ನೆನಪು ಮಾಡಿಕೊಳ್ಳಲು ನೋಡಿದೆ. ಬೆರಳೆಣಿಕೆಯಷ್ಟೂ ನೆನಪಾಗಲಿಲ್ಲ. ತೆಗೆದಿದ್ದೆ, ವಿಂಗಡಿಸಿದ್ದೆ, ಹೆಸರು ಕೊಟ್ಟು ಮೂರು ಊರಿಗೆ ಹಂಚಿದ್ದೆ, ಕೂತು ನೋಡಿರಲಿಲ್ಲ. ಅಷ್ಟು ವರ್ಷದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು. ಆ ಗಳಿಗೆಯಲ್ಲಿ ನನಗೆ ಬೇಕಾಗಿದ್ದದ್ದು ಒಂದೇ ಒಂದು, ಕರೀ ಕೋಟಿನ ದೊಡ್ಡಪ್ಪ.

ದೊಡ್ಡಮ್ಮ ಆ ಹೊತ್ತಿಗೆ ಪಕ್ಕದ ಮನೆಗೆ ಹೋಗಿದ್ದರು. ಅವರ ಸೊಸೆ, ಎಂದರೆ ನನ್ನ ಅತ್ತಿಗೆ, ಬಾಗಿಲಲ್ಲೇ ನೀರು ಕೊಟ್ಟಳು. ನಾನು ನೀರು ಕುಡಿಯುವ ಮುಂಚೆಯೇ ಕೇಳಿದೆ:

“ಅತ್ತಿಗೆ, ನಾನು ಕೊಟ್ಟಿದ್ದ ಸಿಡಿ ಇದೆಯಾ?”

“ಇಲ್ದೇ ಏನು! ದಿನಾ ಪೂಜೆ ಆಯ್ತೈತೆ. ಬನ್ನಿ ತೋರುಸ್ತೀನಿ.”

ನಡುಮನೆಗೆ ಕರೆದೊಯ್ದಳು. ದೊಡ್ಡಪ್ಪನ ಫೋಟೋ ಇದ್ದ ಗೋಡೆ, ಅದೇ ಮೊಳೆ. ಮೊಳೆಗೆ ಸಿಡಿಯ ನಡುವಿನ ತೂತು ಸಿಕ್ಕಿಸಿ ನೇತುಹಾಕಿದ್ದರು. ಅದರ ಮೇಲೆ ದಪ್ಪಗೆ ಮೂರು ವಿಭೂತಿ ಪಟ್ಟೆ. ಸುತ್ತ ಕಾಕಡದ ಹಾರ, ಕೆಳಗೆ ಊದುಬತ್ತಿಯ ಬೂದಿ.

“ಅತ್ತೆಮ್ಮಾರು ದಿನಾ ಬೆಳಗ್ಗೆ ಒದ್ದೆ ಬಟ್ಟೇಲಿ ಉಜ್ಜಿ ಒರಸಿ, ಹೊಸ್ದಾಗಿ ಇಕ್ತಾರೆ,” ಎಂದಳು ಅತ್ತಿಗೆ. “ನೀವು ಹೇಳಿದ್ದು ಮಾತ್ರ ಮರ್ತಿಲ್ಲ. ಹೊಳೆಯೋ ಕಡೆ ಗ್ವಾಡೆಗೆ ಮಾಡವ್ರೆ. ಆ ಕಡೀಕೆ ಒಬ್ರೂ ಕೈ ಹಾಕಿಲ್ಲ.”

ಆ ಕ್ಷಣ ನನಗೆ ಸ್ವಲ್ಪ ಜೀವ ಬಂತು. ಹೊಳೆಯುವ ಕಡೆ ಉಳಿದಿದ್ದರೆ ಸಾಕಲ್ಲ. ಮೆಲ್ಲಗೆ ಮೊಳೆಯಿಂದ ತೆಗೆದು ಬಾಗಿಲ ಬೆಳಕಿಗೆ ಹಿಡಿದೆ. ವಿಭೂತಿ ಉಜ್ಜಿದ ಜಾಗದಲ್ಲಿ ಬೆಳ್ಳಿ ಬಣ್ಣವೇ ಇರಲಿಲ್ಲ. ಅತ್ತಿಗೆಯ ಹಸಿರು ಸೀರೆ ಸಿಡಿಯೊಳಗಿಂದ ನನಗೆ ಕಾಣುತ್ತಿತ್ತು. ಬೆರಳು ತಾಗಿದ ಕಡೆ ಒಂದು ಚಕ್ಕೆ ಎದ್ದು ನನ್ನ ಅಂಗೈಗೆ ಬಿತ್ತು.

“ಅಸಲು ಫೋಟೋ ಎಲ್ಲಿ? ಬೆಳ್ಳಿಹುಳು ತಿಂದದ್ದು?” ಎಂದೆ.

“ಅದನ್ನ ಕೆರೆಗೆ ಬಿಟ್ವಲ್ಲ ಆವಾಗ್ಲೇ. ಹುಳ ಮುಖುಕ್ಕೆ ಬಂದಿತ್ತು. ಮುಕ್ಕಾಗಿದ್ನ ಪೂಜೆ ಮಾಡ್ಬಾರ್ದು ಅಂದ್ರು. ಹೆಂಗೂ ಅವ್ರು ಇದ್ರೊಳಗೇ ಅವ್ರಲ್ವಾ ಅಂತ, ಹೂವು ಅರಿಸಿಣ ಹಾಕಿ ಮರ್ಯಾದೆಯಾಗಿ ಬಿಟ್ಟು ಬಂದ್ವಿ.”

ಮೂಗಿಲ್ಲದ, ಕೈ ಮುರಿದ ವಿಗ್ರಹಗಳನ್ನು ನೋಡಲು ದೇಶದೇಶದ ಜನ ಬಂದಿಳಿಯುವ ಊರು ಅದು. ಆ ಊರಿನವರ ಮನೆಯೊಳಗೆ ಮಾತ್ರ ಹುಳು ತಿಂದ ಫೋಟೋಗೂ ಜಾಗವಿಲ್ಲ. ಯಾರನ್ನು ಬಯ್ಯಲಿ? ಅಕ್ಕ ಕಾಪಿಯನ್ನು ಕಸವೆಂದುಕೊಂಡಳು. ಇವರು ಕಾಪಿಯನ್ನೇ ಮನುಷ್ಯನೆಂದು ನಂಬಿ ಅಸಲನ್ನು ನೀರಿಗೆ ಕೊಟ್ಟಿದ್ದರು. ದೊಡ್ಡಮ್ಮ ಬರುವುದರೊಳಗೆ ಸಿಡಿಯನ್ನು ಬ್ಯಾಗಿಗೆ ಹಾಕಿಕೊಂಡು, ಪ್ರಿಂಟಿಗೆ ಬೇಕು ಎಂದು ಹೇಳಿ ಓಡಿದೆ.

ಮರುದಿನ ಬೆಳಗ್ಗೆ ಅರಸೀಕೆರೆಯ ಅಂಗಡಿಯವನು ಸಿಡಿಯನ್ನು ತಿರುಗಿಸಿ ತಿರುಗಿಸಿ ನೋಡಿ ಗಟ್ಟಿಯಾಗಿ ನಕ್ಕ.

“ಮೇಡಂ, ಹೊಳೆಯೋ ಕಡೆ ಇರೋದು ದಪ್ಪ ಪ್ಲಾಸ್ಟಿಕ್ಕು. ಅಲ್ಲಿ ಸ್ವಲ್ಪ ಗೀರಾದ್ರೂ ನಡೆಯುತ್ತೆ. ಫೋಟೋ ಎಲ್ಲ ಇರೋದು ಈ ಕಡೆ, ಬಣ್ಣದ ಕೆಳಗೆ. ವಿಭೂತಿ ಹಚ್ಚಿದ್ದಾರಲ್ಲ, ಸರಿಯಾಗಿ ಅಲ್ಲೇ.”

ಎಂದರೆ ದೊಡ್ಡಮ್ಮ ನನ್ನ ಮಾತನ್ನು ಅಕ್ಷರ ತಪ್ಪದೆ ಪಾಲಿಸಿದ್ದರು, ಪಾಲಿಸಿದ್ದಕ್ಕೇ ದೊಡ್ಡಪ್ಪ ಸವೆದುಹೋಗಿದ್ದರು. ಬೆಳಗ್ಗೆ ಬೆಳಗ್ಗೆ, ಕಾಫಿಗೆ ಮುಂಚೆ, ಅವರ ಕೈಯಲ್ಲೇ. ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕೂತೆ. ಇದನ್ನು ಆ ಮುದುಕಿಗೆ ಯಾವ ಬಾಯಿಂದ ಹೇಳುವುದು ಎಂಬುದೊಂದೇ ತಲೆಯಲ್ಲಿ.

ಓದಲಾಗದ್ದನ್ನು ಬಿಟ್ಟು ಉಳಿದದ್ದನ್ನು ಹೆಕ್ಕುವ ಏನೋ ಒಂದು ಪ್ರೋಗ್ರಾಮ್ ಅವನ ಹತ್ತಿರ ಇತ್ತು. ಅದನ್ನು ಹಾಕಿಟ್ಟು, ಸಂಜೆಗೆ ಬನ್ನಿ ಎಂದ. ನಾನು ಸಂಜೆಯವರೆಗೆ ಅಲ್ಲಿಂದ ಏಳಲೇ ಇಲ್ಲ. ಹೆಚ್ಚಿನ ಫೋಟೋಗಳು ತೆರೆಯಲೇ ಇಲ್ಲ. ದೊಡ್ಡಪ್ಪನದು ತೆರೆಯಿತು. ಪರದೆಯ ಮೇಲಿನಿಂದ ಇಳಿಯುತ್ತ ಬಂತು: ಎಣ್ಣೆ ಹಾಕಿ ಬಾಚಿದ ಕೂದಲು, ಹಣೆ, ಹುಬ್ಬು, ಎರಡು ಕಣ್ಣು. ಮೂಗಿನ ಅರ್ಧಕ್ಕೆ ಬಂದು ನಿಂತಿತು. ಅಲ್ಲಿಂದ ಕೆಳಕ್ಕೆ ಬೂದಿ ಬಣ್ಣ, ಒಂದೇ ಸಮನೆ.

“ಕೆಳಗಿನ ಅರ್ಧ ನಾನು ಮಾಡ್ಕೊಡ್ತೀನಿ ಬಿಡಿ,” ಎಂದ ಅಂಗಡಿಯವನು. “ಬಾಯಿ, ಗಲ್ಲ, ಕೋಟು ಎಲ್ಲ ರೆಡಿ ಇದೆ. ಮೀಸೆ ಎಂಥದು ಬೇಕು ಹೇಳಿ. ಅಜ್ಜಿಗೇನು ಗೊತ್ತಾಗುತ್ತೆ?”

ಅವನ ಮುಖಕ್ಕೆ ಹೊಡೆಯಬೇಕೆನ್ನಿಸಿತು. ಯಾವನದೋ ಬಾಯನ್ನು ತಂದು ದೊಡ್ಡಪ್ಪನಿಗೆ ಅಂಟಿಸುತ್ತಾನಂತೆ, ಹೊಸ ಕಣ್ಣು ಬಂದವರಿಗೆ ಅದನ್ನು ತೋರಿಸಬೇಕಂತೆ. ಇರುವಷ್ಟನ್ನೇ ಪ್ರಿಂಟ್ ಹಾಕು ಎಂದೆ. ಬೂದಿ ಬಣ್ಣದ ಭಾಗವನ್ನು ಕತ್ತರಿಸಲೇ ಎಂದು ಕೇಳಿದ, ಬೇಡ ಎಂದೆ. ಹೋದದ್ದು ಹೋದ ಹಾಗೆಯೇ ಕಾಣಲಿ ಎನ್ನಿಸಿತು, ಅಥವಾ ಯೋಚಿಸುವ ಶಕ್ತಿಯೇ ಉಳಿದಿರಲಿಲ್ಲ.

ಪ್ರಿಂಟ್ ಹಿಡಿದು ಹಳೇಬೀಡಿಗೆ ಹೋದಾಗ ದೊಡ್ಡಮ್ಮ ಜಗಲಿಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕಾಯುತ್ತಿದ್ದರು. ಹೊಸ ಸೀರೆ ಉಟ್ಟಿದ್ದರು. ಅರ್ಧ ಹೋಗಿದೆ ದೊಡ್ಡಮ್ಮ, ಎಷ್ಟು ಪ್ರಯತ್ನ ಪಟ್ಟರೂ ಇಷ್ಟೇ ಸಿಕ್ಕಿದ್ದು ಎಂದಷ್ಟೇ ಹೇಳಿ ಲಕೋಟೆ ಕೊಟ್ಟೆ. ವಿಭೂತಿಯ ವಿಷಯ ಎತ್ತಲಿಲ್ಲ. ಅತ್ತಿಗೆಯೂ ಬಂದು ಬಾಗಿಲಿಗೆ ಒರಗಿ ನಿಂತಳು.

ಕನ್ನಡಕ ತೆಗೆದು, ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದರು. ಬೈಯುತ್ತಾರೆ ಎಂದು ನಾನು ಕಾದೆ. ಫೋಟೋದಿಂದ ಕಣ್ಣೆತ್ತದೆ ಕೇಳಿದರು:

“ಇದ್ಯಾರೇ ಈ ಹುಡ್ಗ?”

ಬೇರೆ ಯಾರದೋ ಫೋಟೋ ತಂದೆನೇ ಎಂದು ಬಗ್ಗಿ ನೋಡಿದೆ. “ದೊಡ್ಡಪ್ಪನೇ ದೊಡ್ಡಮ್ಮ,” ಎಂದೆ.

“ಅವ್ರು ಭಾರಿ ದೊಡ್ಡ ಮನುಷ್ಯ ಕಣೇ. ಕೋಟು, ಮೀಸೆ. ಎದುರಿಗೆ ನಿಂತ್ಕಳಕೂ ಹೆದರ್ತಿದ್ದೆ ನಾನು.”

ಆಗ ನಾನೂ ನೋಡಿದೆ. ಚಿಕ್ಕಂದಿನಿಂದ ಹೆದರುತ್ತ ಬಂದ ಆ ಫೋಟೋದಲ್ಲಿ ಕೋಟು, ಹುರಿಮೀಸೆ, ಹೂದಾನಿ ಎಲ್ಲ ಹೋಗಿ ಹಣೆ ಮತ್ತು ಕಣ್ಣಷ್ಟೇ ಉಳಿದಿದ್ದವು. ಹಣೆಯ ಮೇಲೆ ಒಂದು ಗೆರೆಯಿಲ್ಲ. ಕ್ಯಾಮೆರಾದವನು ಅಲ್ಲಾಡಬೇಡ ಎಂದು ಗದರಿರಬೇಕು. ಕಣ್ಣು ಸ್ವಲ್ಪ ಬೆದರಿತ್ತು. ಕಾಲೇಜಿನ ಮೆಟ್ಟಿಲ ಮೇಲೆ ಕೂತಿರುತ್ತಾರಲ್ಲ, ಅಂಥ ಹುಡುಗ. ದೊಡ್ಡಮ್ಮನಿಗೆ ಮೊಮ್ಮಗನಾಗುವ ವಯಸ್ಸು.

ಗೋಡೆಯ ಮೇಲಿನ ಗಂಡನಿಗೆ ಇಷ್ಟು ವರ್ಷ ಅವರು ವಿಭೂತಿ ಇಟ್ಟದ್ದನ್ನು ನೋಡಿದ್ದೆ, ಅತ್ತದ್ದನ್ನು ನೋಡಿರಲಿಲ್ಲ. ಈಗ ಅವರ ಗಲ್ಲ ನಡುಗತೊಡಗಿತು. ಬೆಳಗ್ಗೆ ತಾನೇ ಸುದ್ದಿ ಬಂದವರ ಹಾಗೆ ನನ್ನ ಮುಖ ನೋಡಿದರು. “ಇಷ್ಟು ಸಣ್ಣ ಹುಡ್ಗ ಸತ್ತೋದ್ನೇನೇ?” ಎಂದರು. ನಾನು ಅವರ ಕೈ ಹಿಡಿದುಕೊಂಡೆ.

ಗಂಡ ಹೋದ ದಿನದಿಂದ ಸೊಸೆಯ ಕಾಲ್ಗುಣವೇ ಮಗನನ್ನು ತಿಂದಿತು ಎಂದು ಊರೆಲ್ಲ ಹೇಳಿಕೊಂಡು ಬಂದ ತಮ್ಮ ಅತ್ತೆಯನ್ನು, ಎಂದರೆ ದೊಡ್ಡಪ್ಪನ ತಾಯಿಯನ್ನು, ಅವಳು ಸಾಯುವ ತನಕ ದೊಡ್ಡಮ್ಮ ಕ್ಷಮಿಸಿರಲಿಲ್ಲ. ಆ ಅತ್ತೆ ಸತ್ತ ಮೇಲೂ ಅವಳ ಮಾತೆತ್ತಿದರೆ ಉರಿದು ಬೀಳುತ್ತಿದ್ದರು. ಈಗ ಫೋಟೋವನ್ನು ಮಡಿಲಿಗೆ ಇಟ್ಟುಕೊಂಡು, ಸೆರಗಿನಿಂದ ಹೊಸ ಕಣ್ಣನ್ನು ಒತ್ತಬಾರದೆಂದು ನಾವು ಎಷ್ಟು ಹೇಳಿದರೂ ಕೇಳದೆ ಒತ್ತಿಕೊಳ್ಳುತ್ತ, ಅದೇ ಅತ್ತೆಯ ಬಗ್ಗೆ ಕೇಳಿದರು:

“ಇಷ್ಟು ಸಣ್ಣ ಮಗೀನ ಮಣ್ಣಿಗಿಟ್ಟು, ಅವನ ತಾಯಿ ಹೆಂಗೇ ತಡ್ಕಂಡ್ಲು?”